ಒಂದೂವರೆ ಪಟ್ಟು ವೇಗದಲ್ಲಿ ‘ಪಥೇರ್ ಪಾಂಚಾಲಿ’

ಮೊದಲನೇ ತರಗತಿಯಲ್ಲೇ ಸಿಕ್ಕಿಬಿದ್ದೆ.

“ಇಲ್ಲಿ ಎಷ್ಟು ಜನ ‘ಪಥೇರ್ ಪಾಂಚಾಲಿ’ ನೋಡಿದ್ದೀರಿ?” ಅಂತ ಮೇಷ್ಟ್ರು ಕೇಳಿದರು. ನಾವಿದ್ದದ್ದು ಇಪ್ಪತ್ತೆರಡು ಜನ. ಕೈ ಎತ್ತಿದವರು ಮೂವರು, ಅದರಲ್ಲಿ ನಾನೊಬ್ಬ. ಸ್ವಲ್ಪ ಜಂಬವೂ ಇತ್ತು ಅನ್ನಿ. ಮೇಷ್ಟ್ರು ನನ್ನನ್ನೇ ನೋಡಿ, “ಎಷ್ಟು ಹೊತ್ತಿನ ಸಿನಿಮಾ ಅದು?” ಅಂದರು. ಇದೇನು ಪ್ರಶ್ನೆ ಅಂದುಕೊಂಡು, “ಒಂದು ಗಂಟೆ ಇಪ್ಪತ್ತು ನಿಮಿಷ ಇರಬೇಕು ಸರ್” ಅಂದೆ.

“ಎರಡು ಗಂಟೆಗೂ ಮೇಲಿದೆ ಕಣಪ್ಪಾ. ಮಿಕ್ಕ ನಲವತ್ತು ನಿಮಿಷ ಏನ್ಮಾಡ್ದೆ?”

ಎಲ್ಲರೂ ನಕ್ಕರು. ನಾನು ಅದನ್ನು ಲ್ಯಾಪ್‌ಟಾಪಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ದೆ. ಆ ಲೆಕ್ಕ ಮೇಷ್ಟ್ರಿಗೆ ತಕ್ಷಣ ಹೊಳೆದಿತ್ತು. ಈಗಿನ ಹುಡುಗರು ಸಿನಿಮಾದ ಉದ್ದ ತಪ್ಪು ಹೇಳಿದರೆ, ಅದನ್ನು ಒಂದೂವರೆಯಿಂದ ಗುಣಿಸಿ ನೋಡುತ್ತಾರಂತೆ. ಬಹಳ ಸಲ ಸರಿ ಬರುತ್ತದಂತೆ.

ನಾನು ಸಾಫ್ಟ್‌ವೇರ್ ಇಂಜಿನಿಯರ್. ವಯಸ್ಸು ಮೂವತ್ತು. ವಿಡಿಯೋ ತೋರಿಸುವ ಒಂದು ಆ್ಯಪ್ ಮಾಡುವ ಕಂಪನಿಯಲ್ಲಿ ಕೆಲಸ. ನೀವು ಮೊಬೈಲಿನಲ್ಲಿ ಸಿನಿಮಾ ನೋಡುವಾಗ ತೆರೆಯ ಬಲಗಡೆ ಎರಡು ಸಲ ಕುಟ್ಟಿದರೆ ಹತ್ತು ಸೆಕೆಂಡ್ ಮುಂದೆ ಹಾರುತ್ತದಲ್ಲ, ಅಂಥ ಕೆಲಸಗಳು ನಮ್ಮ ತಂಡದ್ದು. ಅಂದಮೇಲೆ ಸಿನಿಮಾ ಓಡಿಸಿಕೊಂಡು ನೋಡುವುದು ನನಗೆ ತಪ್ಪು ಅಂತ ಅನಿಸಿಯೇ ಇರಲಿಲ್ಲ. ಅದು ನಾವೇ ಕೊಟ್ಟ ಸೌಕರ್ಯ.

ಸಿನಿಮಾ ರಸಗ್ರಹಣದ ಆ ಶನಿವಾರದ ತರಗತಿಗೆ ನಾನು ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಮೇಲೆ ಅಮ್ಮನನ್ನು ತಿಪಟೂರಿನ ಮನೆಯಿಂದ ಬೆಂಗಳೂರಿಗೆ ಕರೆತಂದೆ. ಅಮ್ಮನ ಜೊತೆ ಟಿವಿಯೂ ಬಂತು. ಸಂಜೆ ಆರಕ್ಕೆ ಹಚ್ಚಿದರೆ ರಾತ್ರಿ ಹತ್ತರವರೆಗೆ ಸೀರಿಯಲ್ಲು. ಶನಿವಾರ ಭಾನುವಾರ ಮಹಾಸಂಚಿಕೆ ಬೇರೆ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೋಣೆ ಸೇರಿಬಿಡುತ್ತಿದ್ದೆ. ಅದೂ ಸಾಲದೆ, ಶನಿವಾರ ಐದರಿಂದ ಎಂಟರವರೆಗೆ ಮನೆಯಿಂದ ಹೊರಗಿರಲು ಒಂದು ಗೌರವಾನ್ವಿತ ಕಾರಣ ಬೇಕಿತ್ತು. ಸಿಕ್ಕಿತು.

ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಚಿಕ್ಕ ವಯಸ್ಸಿನಲ್ಲೇ ಪುಣೆಯಲ್ಲಿ ಸಿನಿಮಾ ರಸಗ್ರಹಣದ ಕೋರ್ಸ್ ಮಾಡಿ ಬಂದು, ಅಂದಿನಿಂದ ಇಂದಿನವರೆಗೆ ಯಾರು ಕೂತು ಕೇಳುತ್ತಾರೋ ಅವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದಾರೆ. ಬರೆಯುತ್ತೇನೆ ಅಂದಾಗ, “ಹೆಸರು ಹಾಕ್ಬೇಡ, ಬೇಕಾದ್ರೆ ಬೈದುಕೋ” ಅಂದರು. ಆದ್ದರಿಂದ ಇಲ್ಲಿ ಬರೀ ಮೇಷ್ಟ್ರು.

ಎರಡನೇ ವಾರ ಅವರು ತೋರಿಸಿದ್ದು ಸಿನಿಮಾ ಅಲ್ಲ, ಸೀರಿಯಲ್ಲು! ಹಿಂದಿನ ರಾತ್ರಿ ಪ್ರಸಾರವಾಗಿದ್ದ ಒಂದು ಕನ್ನಡ ಧಾರಾವಾಹಿಯ ಆರು ನಿಮಿಷ. ಮೊದಲು ಪರದೆಗೆ ಬೆನ್ನು ಹಾಕಿ ಕೂರಿಸಿದರು. ಬರೀ ಕೇಳಿ ಅಂದರು. ಅತ್ತೆಗೆ ಸೊಸೆಯ ಮೇಲೆ ಅನುಮಾನ, ಸೊಸೆ ಬೀರುವಿನ ಕೀಲಿ ಎಲ್ಲಿಟ್ಟಿದ್ದಾಳೆ, ಮೈದುನ ಯಾರ ಪಕ್ಷ, ಎಲ್ಲವೂ ಗೊತ್ತಾಯಿತು. ಯಾರಾದರೂ ಬಾಗಿಲಿಗೆ ಬಂದರೆ, “ಏನು ಶಾರದಮ್ಮ, ಇಷ್ಟು ಹೊತ್ತಲ್ಲಿ ಬಂದ್ಬಿಟ್ರಿ?” ಅಂತ ಹೆಸರಿಟ್ಟೇ ಮಾತಾಡಿಸುತ್ತಾರೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನೂ ಗಟ್ಟಿಯಾಗಿಯೇ ಅಂದುಕೊಳ್ಳುತ್ತಾರೆ. ಮುಖ್ಯವಾದ ಮಾತು ಬಂದಾಗ ಢಂ ಢಂ ಢಂ ಅಂತ ಮೂರು ಸಲ ಬಡಿಯುತ್ತದೆ. ಆಮೇಲೆ ನಮ್ಮನ್ನು ಪರದೆಯ ಕಡೆ ತಿರುಗಿಸಿ, ದನಿ ಬಂದ್ ಮಾಡಿ, ಅದೇ ಆರು ನಿಮಿಷ ತೋರಿಸಿದರು. ಒಡವೆ, ಸೀರೆ, ಹುಬ್ಬು ಬಿಟ್ಟರೆ ಏನೂ ತಿಳಿಯಲಿಲ್ಲ.

ನಾವು ನಗುತ್ತಿದ್ದೆವು. ಮೇಷ್ಟ್ರು ನಗಲಿಲ್ಲ.

“ಯಾಕೆ ಹೀಗೆ ಮಾಡ್ತಾರೆ ಹೇಳಿ. ದಡ್ಡರು ಅಂತಲಾ? ಸೋಪ್ ಆಪೆರಾ ಅನ್ನೋ ಹೆಸರು ಎಲ್ಲಿಂದ ಬಂತು? 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಹಗಲು ಹೊತ್ತು ನಾಟಕ ಬರ್ತಿತ್ತು. ಸೋಪಿನ ಕಂಪನಿಗಳು ದುಡ್ಡು ಕೊಡ್ತಿದ್ವು. ಕೇಳೋರು ಯಾರು? ಮನೇಲಿ ಪಾತ್ರೆ ತೊಳೀತಾ, ಬಟ್ಟೆ ಒಗೀತಾ ಇರೋ ಹೆಂಗಸರು. ಕೈ ಖಾಲಿ ಇಲ್ಲ, ಕಣ್ಣು ಖಾಲಿ ಇಲ್ಲ. ಕಿವಿ ಒಂದೇ ಖಾಲಿ. ಆ ಕಿವಿಗೆ ಹೇಳೋ ಕತೆ ಅದು. ಟಿವಿಗೆ ಬಂದ ಮೇಲೂ ಅದರ ಹುಟ್ಟುಗುಣ ಹೋಗಿಲ್ಲ. ಒಗ್ಗರಣೆ ಚಟಪಟದ ನಡುವೇನೂ ಕೇಳ್ಬೇಕು. ಮಧ್ಯೆ ಎರಡು ದಿನ ತಪ್ಪಿಸಿಕೊಂಡ್ರೂ ಕತೆ ಸಿಗ್ಬೇಕು. ನಿಮ್ಮಮ್ಮನ್ನ ನೋಡ್ಕೊಂಡು ನಗ್ಬೇಡಿ. ನಿಮ್ಮಮ್ಮನ ಕೈ ಯಾವತ್ತೂ ಖಾಲಿ ಇರ್ಲಿಲ್ಲ, ಅದಕ್ಕೇ ಆ ಕತೆ ಹಾಗಿದೆ.”

ನನಗೆ ಮಾತ್ರ ಹೇಳಿದ್ದಲ್ಲ ಅದು. ಆದರೂ ಕಿವಿ ಬಿಸಿಯಾಯಿತು.

ಹಾಗಂತ ಮೇಷ್ಟ್ರು ಸೀರಿಯಲ್ಲಿನ ವಕೀಲರೇನಲ್ಲ. ಅವರ ತಕರಾರು ಬೇರೆಯೇ. ನಿಧಾನ, ಅಳು, ಅತಿ ಬಣ್ಣ ಇವು ಯಾವುವೂ ಅವರಿಗೆ ತೊಂದರೆಯಲ್ಲ. ಮುಗಿಯದಿರುವುದು ತೊಂದರೆ. ಶಂಕರ್‌ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಮಾಡಿದಾಗ ಎಷ್ಟೋ ಕತೆಗಳು ಒಂದೇ ಕಂತಿನಲ್ಲಿ ಮುಗಿಯುತ್ತಿದ್ದವು. ಸ್ವಾಮಿಯ ಕತೆ ಕೆಲವು ಕಂತು ಓಡಿ ಅದೂ ಮುಗಿಯುತ್ತಿತ್ತು. ಮುಗಿದ ಕತೆ ಮನಸ್ಸಿನಲ್ಲಿ ಕೂರುತ್ತದೆ ಅನ್ನುತ್ತಾರೆ ಅವರು. ಮುಗಿಯದ ಕತೆ ನಾಳೆ ಸಂಜೆಗೆ ಕರೆಯುತ್ತದೆ, ಅಷ್ಟೇ. ಟಿ.ಎನ್. ಸೀತಾರಾಂ ಧಾರಾವಾಹಿಗಳ ಹೆಸರು ಎತ್ತಿ ತರಗತಿಯಲ್ಲಿ ಒಬ್ಬರು ವಾದಕ್ಕೆ ನಿಂತರು. ‘ಮಾಯಾಮೃಗ’ದ ಕಾಲದಲ್ಲಿ ಊಟದ ಹೊತ್ತು ಬದಲಾದ ಮನೆ ತಮ್ಮದು ಅಂದರು. ಮೇಷ್ಟ್ರು ಒಪ್ಪಿದರು. “ನಂದೂ ಬದಲಾಗಿತ್ತು” ಅಂದರು.

ಮೇಷ್ಟ್ರಿಗೂ ಒಬ್ಬ ಮೇಷ್ಟ್ರಿದ್ದರು. ಸತೀಶ್ ಬಹಾದುರ್. ಆಗ್ರಾದಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತ, ಜೊತೆಗೆ ಫಿಲಂ ಸೊಸೈಟಿ ನಡೆಸುತ್ತಿದ್ದವರು. 1960ರ ದಶಕದಲ್ಲಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿಗೆ ಸಿನಿಮಾ ರಸಗ್ರಹಣದ ಪ್ರಾಧ್ಯಾಪಕರಾಗಿ ಹೋದರು. ಸಿನಿಮಾ ಮಾಡುವುದನ್ನಲ್ಲ, ನೋಡುವುದನ್ನು ಕಲಿಸುವ ಮೇಷ್ಟ್ರು! ನಮ್ಮ ದೇಶದಲ್ಲಿ ಇಂಥದ್ದೊಂದು ಪಾಠಕ್ಕೆ ಬುನಾದಿ ಹಾಕಿದವರಲ್ಲಿ ಅವರದು ದೊಡ್ಡ ಹೆಸರು. ‘ಪಥೇರ್ ಪಾಂಚಾಲಿ’ ಅವರ ಅಚ್ಚುಮೆಚ್ಚಿನ ಪಠ್ಯ. ಅದನ್ನು ದೃಶ್ಯ ದೃಶ್ಯವಾಗಿ ಬಿಡಿಸಿ, ಶಾಟ್ ಎಣಿಸಿ, ಮತ್ತೆ ಜೋಡಿಸಿ ತೋರಿಸುತ್ತಿದ್ದರಂತೆ. ಬೀಜಗಣಿತದ ಹಾಗೆ.

ಬಹಾದುರ್ ನಮ್ಮ ಹೆಗ್ಗೋಡಿಗೂ ಬಂದು ಪಾಠ ಮಾಡಿದವರು. ಸಾಗರದ ಪಕ್ಕದ ಆ ಹಳ್ಳಿಯ ನೀನಾಸಂ ಅಂದರೆ ನಾಟಕ ಅಂತಷ್ಟೇ ನನಗೆ ಗೊತ್ತಿತ್ತು. ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ಅಲ್ಲಿ ಚಿತ್ರಸಮಾಜವನ್ನೂ ಕಟ್ಟಿ, ಜಗತ್ತಿನ ದೊಡ್ಡ ಸಿನಿಮಾಗಳನ್ನು ತರಿಸಿ ಊರಿನವರಿಗೆ ತೋರಿಸಿದರು. ಪುಣೆಯ ಚಲನಚಿತ್ರ ಭಂಡಾರದ ಪಿ.ಕೆ. ನಾಯರ್ ರೀಲುಗಳನ್ನು ಒದಗಿಸಿದರು. ಅಡಿಕೆ ತೋಟದಲ್ಲಿ ದುಡಿದು ಬಂದವರು ಕೂತು ‘ಬೈಸಿಕಲ್ ಥೀವ್ಸ್’ ನೋಡಿದರು, ‘ಪಥೇರ್ ಪಾಂಚಾಲಿ’ ನೋಡಿದರು. ನಾಯರ್ ಬಗ್ಗೆ 2012ರಲ್ಲಿ ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಸಿನಿಮಾಗಳನ್ನು ನೆನಪಿಸಿಕೊಳ್ಳುವ ಭಾಗವಿದೆ. ದಶಕಗಳು ಕಳೆದಿದ್ದರೂ ನಿನ್ನೆ ನೋಡಿದಂತೆ ಮಾತಾಡುತ್ತಾರೆ. ನಾನು ಹೋದ ತಿಂಗಳು ನೋಡಿದ ವೆಬ್ ಸೀರೀಸಿನ ನಾಯಕನ ಹೆಸರು ಹೇಳಿ ಅಂದರೆ ತಡವರಿಸುತ್ತೇನೆ.

ಈ ವಿಷಯ ಕೇಳಿದ ದಿನ ನನ್ನ ಮನಸ್ಸಿನಲ್ಲಿ ಬಂದ ಪ್ರಶ್ನೆ ಒಂದೇ. ಬಂಗಾಳಿ ಬಾರದ, ಇಟಾಲಿಯನ್ ಬಾರದ ಜನ, ಅಡಿಬರಹ ಇದ್ದರೂ ಇಂಗ್ಲಿಷಿನಲ್ಲಿರುತ್ತದೆ. ಹೇಗೆ ನೋಡಿದರು? ಮೇಷ್ಟ್ರು, “ನೋಡಿದ್ರು” ಅಂದರು. ಅಷ್ಟೇ. ಕ್ರಿಯಾಪದದ ಮೇಲೆ ಒತ್ತು ಕೊಟ್ಟರು.

ಮೂರನೇ ವಾರದ ಪಾಠ ನನಗೆ ನಿಜಕ್ಕೂ ಉಪಯೋಗಕ್ಕೆ ಬಂತು. ನಿಮಗೂ ಬರಬಹುದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನುವ ನಿರ್ದೇಶಕ ಒಂದು ಪ್ರಯೋಗ ಮಾಡಿದ. ಮೊಸ್ಜುಖಿನ್ ಎಂಬ ನಟನ ಮುಖದ ಒಂದು ಶಾಟ್ ತೆಗೆದುಕೊಂಡ. ಮುಖದಲ್ಲಿ ವಿಶೇಷ ಭಾವವೇನಿಲ್ಲ. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ತಟ್ಟೆ ಜೋಡಿಸಿದ, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ನೋಡಿದವರು, ಆಹಾ, ಹಸಿವನ್ನು ಎಷ್ಟು ಚೆನ್ನಾಗಿ ತೋರಿಸಿದ, ದುಃಖವನ್ನು ಎಷ್ಟು ಚೆನ್ನಾಗಿ ತೋರಿಸಿದ ಅಂತ ಹೊಗಳಿದರಂತೆ. ಮುಖ ಮಾತ್ರ ಅದೇ ಮುಖ. ಅರ್ಥ ಇದ್ದದ್ದು ಎರಡು ಶಾಟುಗಳ ನಡುವೆ, ಅದನ್ನು ತುಂಬಿದವರು ನೋಡುಗರು.

ಇದನ್ನು ಹೇಳಿ ಮೇಷ್ಟ್ರು ಜೇಬಿನಿಂದ ಮೊಬೈಲ್ ತೆಗೆದರು. ಅವರ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಬಂದಿದ್ದ ಒಂದು ವಿಡಿಯೋ. ಯಾವುದೋ ಬೀದಿ, ಜನ ಓಡುತ್ತಿದ್ದಾರೆ, ಯಾರೋ ಕೂಗುತ್ತಿದ್ದಾರೆ. ಯಾವ ಊರು, ಯಾವ ವರ್ಷ ಒಂದೂ ತಿಳಿಯದು. ಕೆಳಗೆ ನಾಲ್ಕು ಸಾಲು ಬರಹ. ಅವರು ಬರಹ ಅಳಿಸಿ ತೋರಿಸಿದರು. ಜಾತ್ರೆಯಲ್ಲಿ ಮಳೆ ಬಂದು ಓಡುತ್ತಿರುವ ಹಾಗೂ ಕಂಡಿತು! “ವಿಡಿಯೋ ಮೊಸ್ಜುಖಿನ್ ಮುಖ. ಕೆಳಗಿನ ಬರಹ ಸೂಪಿನ ತಟ್ಟೆ” ಅಂದರು. ಸುದ್ದಿ ಚಾನೆಲ್ಲುಗಳ ಚರ್ಚೆಯಲ್ಲಿ ಒಬ್ಬರು ಮಾತಾಡುವಾಗ ಪಕ್ಕದ ಚೌಕದಲ್ಲಿ ಇನ್ನೊಬ್ಬರು ಮುಗುಳ್ನಗುವುದನ್ನು ತೋರಿಸುತ್ತಾರಲ್ಲ, ಅವರು ಯಾವುದಕ್ಕೆ ನಕ್ಕರೋ ದೇವರೇ ಬಲ್ಲ. ಮೇಲೆ ಹಿನ್ನೆಲೆ ಸಂಗೀತ. ಸುದ್ದಿಗೆ ಯಾಕೆ ಹಿನ್ನೆಲೆ ಸಂಗೀತ ಅಂತ ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಆ ವಾರದಿಂದ ಮನೆಯ ಗುಂಪಿನಲ್ಲಿ ವಿಡಿಯೋ ಬಂದರೆ ಮೊದಲು ಬರಹ ಓದದೆ ನೋಡುತ್ತೇನೆ. ಚಿಕ್ಕಪ್ಪನಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟಿದೆ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರ ಜೊತೆ ನನಗೆ ಜಗಳ. ರೀಲ್ಸ್. ಅವರಿಗೆ ರೀಲ್ಸ್ ಅಂದರೆ ಕುರುಕಲು ತಿಂಡಿ. “ಉದ್ದಕ್ಕೆ ನಿಂತಿರೋ ಚೌಕಟ್ಟಿನಲ್ಲಿ ಒಬ್ಬನೇ ಹಿಡಿಸ್ತಾನೆ, ಪಕ್ಕದವನಿಗೆ ಜಾಗ ಇಲ್ಲ” ಅನ್ನುತ್ತಾರೆ. ಮಾತು ಚೆನ್ನಾಗಿದೆ, ಪೂರ್ತಿ ಸರಿಯಲ್ಲ. ಉತ್ತರ ಕರ್ನಾಟಕದ ಹುಡುಗರು ಮಾಡುವ ಒಂದು ನಿಮಿಷದ ತಮಾಷೆಗಳಲ್ಲಿ ಅವ್ವ, ಮಗ, ಸೊಸೆ ಮೂರೂ ಪಾತ್ರವನ್ನು ಒಬ್ಬನೇ ತಲೆಗೆ ಟವೆಲ್ ಬದಲಿಸಿ ಮಾಡುತ್ತಾನೆ. ಅಲ್ಲಿನ ಕತ್ತರಿ ಕೆಲಸ ನೋಡಿದರೆ ಕುಲೆಶೋವ್ ಭೇಷ್ ಅನ್ನುತ್ತಿದ್ದ. ಈ ಮಾತು ತರಗತಿಯಲ್ಲಿ ಹೇಳಿದೆ. ಮೇಷ್ಟ್ರು ಒಂದು ತೋರಿಸು ಅಂದರು. ತೋರಿಸಿದೆ. ನಕ್ಕರು. ಎರಡನೇದು ತಾನೇ ತಾನಾಗಿ ಬಂತು, ಮೂರನೇದೂ ಬಂತು. ನಾಲ್ಕನೇದಕ್ಕೆ ಫೋನ್ ವಾಪಸ್ ಕೊಟ್ಟು, “ಮೊದಲನೇದರಲ್ಲಿ ಏನಿತ್ತು ಹೇಳು?” ಅಂದರು. ನನಗೆ ನೆನಪಿತ್ತು, ಹೇಳಿದೆ. ಆದರೆ ಎರಡನೇದು ಮರೆತಿತ್ತು. ಆ ಪಂದ್ಯ ಸಮ ಅಂತ ನನ್ನ ತೀರ್ಮಾನ.

ಆದರೆ ಹೀಗೆ ತಾನೇ ತಾನಾಗಿ ಬರುವುದು ಇದೆಯಲ್ಲ, ಅದು ನನ್ನಂಥವರ ಕೆಲಸ. ಒಂದು ಕಂತು ಮುಗಿದು ಹೆಸರುಗಳು ಮೇಲೇರುವ ಮೊದಲೇ ಮೂಲೆಯಲ್ಲಿ ಐದು, ನಾಲ್ಕು, ಮೂರು ಅಂತ ಎಣಿಕೆ ಶುರುವಾಗುತ್ತದೆ. ನಮ್ಮ ಆಫೀಸಿನಲ್ಲಿ ಪ್ರತಿ ಸಿನಿಮಾಕ್ಕೂ ಒಂದು ಗೆರೆ ಇದೆ. ಎಷ್ಟನೇ ನಿಮಿಷದಲ್ಲಿ ಎಷ್ಟು ಜನ ಬಿಟ್ಟು ಹೋದರು, ಎಲ್ಲಿ ಹಾರಿಸಿದರು ಅನ್ನುವ ಗೆರೆ. ಯಾರೂ ಮಾತಾಡದ ಜಾಗ ಬಂದರೆ ಗೆರೆ ಕುಸಿಯುತ್ತದೆ. ಹಳೆಯ ಸಿನಿಮಾಗಳಲ್ಲಂತೂ ಹಳ್ಳದಿಣ್ಣೆ. ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರಿಗೆ ಬಹಳ ಕುತೂಹಲ ಹುಟ್ಟಿತು. “ಕಣ್ಣು ಮಿಟುಕಿಸದೆ ನೋಡ್ತಾ ಇರೋನು, ಮೊಬೈಲ್ ದಿಂಬಿನ ಮೇಲಿಟ್ಟು ನಿದ್ದೆ ಹೋದೋನು, ಇಬ್ಬರೂ ನಿಮ್ಮ ಗೆರೆಯಲ್ಲಿ ಒಂದೇನಾ?” ಅಂತ ಕೇಳಿದರು. ಒಂದೇ. ಹೌದು ಸರ್, ಇಬ್ಬರೂ ಪೂರ್ತಿ ನೋಡಿದರು ಅಂತಲೇ ಲೆಕ್ಕ.

ಆರನೇ ವಾರ ಬೆಲ್ಜಿಯಂನ ಶಾಂತಾಲ್ ಅಕರ್‌ಮಾನ್ 1975ರಲ್ಲಿ ಮಾಡಿದ ‘ಜೀನ್ ಡೀಲ್‌ಮಾನ್’ ಸಿನಿಮಾದ ಒಂದು ತುಂಡು. ಪೂರ್ತಿ ಸಿನಿಮಾ ಮೂರು ಗಂಟೆಗೂ ಮೇಲಿದೆ. 2022ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ವಿಮರ್ಶಕರನ್ನು ಕೇಳಿದಾಗ ಎಲ್ಲ ಕಾಲದ ಅತ್ಯುತ್ತಮ ಸಿನಿಮಾ ಅಂತ ಮೊದಲ ಸ್ಥಾನ ಸಿಕ್ಕಿದ್ದು ಅದಕ್ಕೇ. ಒಬ್ಬ ವಿಧವೆ, ಒಬ್ಬ ಮಗ, ಒಂದು ಅಡುಗೆಮನೆ. ಆಕೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾಳೆ. ತೆಗೆಯುತ್ತಲೇ ಇರುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಸಂಗೀತವಿಲ್ಲ. ಒಂದು ನಿಮಿಷ ಆದಮೇಲೆ ನನ್ನ ಬೆರಳು ತಾನಾಗಿ ತೊಡೆಯ ಮೇಲೆ ಎರಡು ಸಲ ಕುಟ್ಟಿತು. ಆಮೇಲೆ ಬೇರೆ ದಾರಿಯಿಲ್ಲದೆ ನೋಡಿದೆ. ಕೈ ಒಂದು ಕ್ಷಣ ನಿಲ್ಲುತ್ತದೆ. ಆಕೆ ಏನನ್ನೋ ನೆನೆದಳು ಅನಿಸುತ್ತದೆ. ಮತ್ತೆ ಶುರು.

ಆವತ್ತು ಮನೆಗೆ ಹೋದಾಗ ಎಂಟೂವರೆ. ಅಮ್ಮ ಟಿವಿ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಡಿಸೆಂಬರ್ ತಿಂಗಳು, ಸೊಗಡಿನ ಕಾಲ. ಪಕ್ಕದಲ್ಲಿ ನೆನೆಸಿದ ಕಾಳಿನ ಬಟ್ಟಲು, ಹಿತುಕಿದ ಬೇಳೆಗೆ. ಕಣ್ಣು ಟಿವಿಯ ಕಡೆ, ಕೈ ತನ್ನ ಪಾಡಿಗೆ. ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಈ ಕಡೆ, ಬೇಳೆ ಆ ಕಡೆ. ನಾನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಎಷ್ಟೋ ಹೊತ್ತು ಆ ಕೈ ನೋಡಿದೆ. ಒಂದು ಸಲ ಕೈ ನಿಂತಿತು. ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು, ಅಂದರೆ ಕತೆಗೆ ನಿಂತದ್ದಲ್ಲ.

“ಏನೋ ಹಂಗ್ ನಿಂತಿದ್ದೀಯ? ಕೈಕಾಲ್ ತೊಳ್ಕೊ” ಅಂದಳು.

ಹತ್ತನೆಯ ವಾರ, ಕೊನೆಯ ತರಗತಿಗೆ, ಮೇಷ್ಟ್ರು ‘ಪಥೇರ್ ಪಾಂಚಾಲಿ’ ಪೂರ್ತಿ ಹಾಕಿದರು. ಸರಿಯಾದ ವೇಗದಲ್ಲಿ. ಸತ್ಯಜಿತ್ ರೇ ಅವರ ಮೊದಲ ಸಿನಿಮಾ, 1955ರದ್ದು. ರೈಲು ನೋಡಲು ಮಕ್ಕಳು ಓಡುವ ಬಿಳಿ ಹೂವಿನ ಬಯಲು ಎಲ್ಲರಿಗೂ ಗೊತ್ತು. ಮೊದಲ ದಿನ ಅಲ್ಲಿ ಅರ್ಧ ಚಿತ್ರೀಕರಣ ಮಾಡಿ ಮುಂದಿನ ವಾರ ಹೋದರೆ ಹೂವನ್ನೆಲ್ಲ ದನ ಮೇದುಬಿಟ್ಟಿದ್ದವಂತೆ. ಮತ್ತೆ ಹೂ ಬಿಡುವ ಕಾಲದವರೆಗೆ ಕಾದರು. ಆದರೆ ನಾನು ಹೇಳಬೇಕಾದ್ದು ಇನ್ನೊಂದು ದೃಶ್ಯ.

ಹರಿಹರ ದುಡ್ಡು ಸಂಪಾದಿಸಲು ಊರು ಬಿಟ್ಟು ಹೋಗಿದ್ದಾನೆ. ಇತ್ತ ಮಳೆಯಲ್ಲಿ ನೆನೆದು ಮಗಳು ದುರ್ಗಾ ಜ್ವರದಲ್ಲಿ ತೀರಿಕೊಂಡಿದ್ದಾಳೆ. ಅವನಿಗೆ ಗೊತ್ತಿಲ್ಲ. ಎಷ್ಟೋ ದಿನದ ಮೇಲೆ ಬರುತ್ತಾನೆ, ಬಿದ್ದುಹೋದ ಗೋಡೆ ನೋಡುತ್ತಾನೆ, ಮಕ್ಕಳ ಹೆಸರು ಹಿಡಿದು ಕರೆಯುತ್ತಾನೆ. ಹೆಂಡತಿ ಸರ್ಬಜಯ ಮಾತೇ ಆಡದೆ ಮಣೆ ಹಾಕುತ್ತಾಳೆ, ನೀರು ಇಡುತ್ತಾಳೆ. ಅವನು ತಂದ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಕೊನೆಗೆ ದುರ್ಗಾಳಿಗೆ ತಂದ ಸೀರೆ. ಅದನ್ನು ಕೈಗೆ ತೆಗೆದುಕೊಂಡಾಗ ಆಕೆಯ ಕಟ್ಟೆ ಒಡೆಯುತ್ತದೆ. ಬಾಯಿ ತೆರೆದು ಅಳುತ್ತಾಳೆ, ಆದರೆ ಅಳುವಿನ ದನಿ ನಮಗೆ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಮೇಲಿನ ಸ್ಥಾಯಿಯಲ್ಲಿ ಕೂಗುತ್ತದೆ. ಸಂಗೀತ ರವಿಶಂಕರ್ ಅವರದು.

ಒಂದೂವರೆ ಪಟ್ಟು ವೇಗದಲ್ಲಿ ನೋಡಿದಾಗ ಇದು ನನಗೆ ಗೊತ್ತೇ ಆಗಿರಲಿಲ್ಲ. ಏನೋ ಕೀರಲು ಸದ್ದು ಬಂದಿತ್ತು. ಬಹುಶಃ ಹಾರಿಸಿದ್ದೆ.

ಈಗ ಕತ್ತಲಲ್ಲಿ ಕೂತು, ಅವಳು ಮಣೆ ಹಾಕಿ ನೀರು ಇಡುವಾಗ, ನಮ್ಮ ತಿಪಟೂರಿನ ಮನೆ ಕಂಡಿತು. ಅಪ್ಪ ಹೋದ ರಾತ್ರಿ ನಾನು ಬೆಂಗಳೂರಿನಿಂದ ಹೊರಟು ಮನೆ ಮುಟ್ಟಿದಾಗ ಬೆಳಗಿನ ಜಾವ ಮೂರು. ಅಮ್ಮ ಬಾಗಿಲು ತೆಗೆದು ಮೊದಲು ಕೇಳಿದ್ದು, “ಬಸ್ಸು ಸಿಕ್ತಾ?” ಅಂತ. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಅವಳು ಗಟ್ಟಿ ಅಂತ ಅಂದುಕೊಂಡಿದ್ದೆ ನಾನು. ಎರಡು ವರ್ಷ ಹಾಗೇ ಅಂದುಕೊಂಡಿದ್ದೆ.

ಇನ್ನೊಂದು ವಿಷಯವಿದೆ. ಆ ಸಂಜೆ ಏಳೂ ಹತ್ತಕ್ಕೆ ಅಪ್ಪನ ಫೋನ್ ಬಂದಿತ್ತು. ಆಫೀಸಿನಲ್ಲಿ ಹೊಸ ಆವೃತ್ತಿ ಬಿಡುಗಡೆ ಮಾಡುತ್ತಿದ್ದೆವು. ಆಮೇಲೆ ಮಾಡ್ತೀನಿ ಅಂತ ಮೆಸೇಜ್ ಹಾಕಿ ಸುಮ್ಮನಾದೆ. ಆಮೇಲೆ ಮಾಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರು ಮಾಡಿದರು. ಅಪ್ಪ ಏನು ಹೇಳಲು ಮಾಡಿದ್ದರು? ಎದೆನೋವು ಅಂತಲಾ? ಅಮ್ಮನಿಗೆ ಈ ವಿಷಯ ಗೊತ್ತಿಲ್ಲ ಅಂತ ನಾನು ಯಾರಿಗೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, “ಅಮ್ಮ, ಒಂದು ಸಿನಿಮಾ ನೋಡೋಣ” ಅಂದೆ. “ನಂದು ಒಂಬತ್ತಕ್ಕಿದೆ” ಅಂದಳು. ಅಷ್ಟರಲ್ಲಿ ಮುಗಿಯುತ್ತದೆ ಅಂದೆ. ಅವರೆಕಾಯಿ ಮೊರ ಹಿಡಿದೇ ಕೂತಳು. ಬಂಗಾಳಿ ಮಾತು, ಇಂಗ್ಲಿಷ್ ಅಕ್ಷರ. ನಾನು ಮೊದಲ ಹತ್ತು ನಿಮಿಷ ಕನ್ನಡದಲ್ಲಿ ಹೇಳುತ್ತಾ ಹೋದೆ. ಆಮೇಲೆ ಅವಳೇ, “ಸುಮ್ನಿರೋ, ಗೊತ್ತಾಗತ್ತೆ” ಅಂದಳು.

ಗೊತ್ತಾಗುತ್ತಿತ್ತು. ಮುದುಕಿ ಅತ್ತೆಯ ಪಾತ್ರ ಮಾಡಿದ ಚುನಿಬಾಲಾ ದೇವಿಯನ್ನು ನೋಡಿ, “ನಮ್ಮಜ್ಜಿ ಹಿಂಗೇ ಕೂರ್ತಿದ್ಲು, ಕಾಲು ಹಿಂಗ್ ಚಾಚ್ಕೊಂಡು” ಅಂದಳು. ಪಕ್ಕದ ಮನೆಯವರು ಮಣಿಸರ ಕದ್ದಳು ಅಂತ ದುರ್ಗಾಳನ್ನು ದೂರಿದಾಗ, ಸರ್ಬಜಯ ಮಗಳ ಕೂದಲು ಹಿಡಿದು ಹೊಡೆದು ಹೊರಗೆ ದಬ್ಬಿದಾಗ ಅಮ್ಮ ಏನೂ ಅನ್ನಲಿಲ್ಲ. ಕಾಯಿ ಸುಲಿಯುವ ಸದ್ದು ಮಾತ್ರ ನಿಂತಿತು.

ಸೀರೆಯ ದೃಶ್ಯದಲ್ಲಿ ನಾನು ಅವಳ ಮುಖ ನೋಡಲಿಲ್ಲ. ಧೈರ್ಯ ಬರಲಿಲ್ಲ.

ಕೊನೆಗೆ ಮನೆ ಖಾಲಿ ಮಾಡುವಾಗ, ತಮ್ಮ ಅಪು ಅಟ್ಟಣಿಗೆಯ ಮೇಲಿಂದ ಒಂದು ಕರಟ ತೆಗೆಯುತ್ತಾನೆ. ಅದರಲ್ಲಿ ಅದೇ ಮಣಿಸರ. ಅಂದರೆ ದುರ್ಗಾ ಕದ್ದಿದ್ದು ನಿಜ. ಹುಡುಗ ಯಾರಿಗೂ ಹೇಳುವುದಿಲ್ಲ. ಓಡಿಹೋಗಿ ಕೊಳಕ್ಕೆ ಎಸೆಯುತ್ತಾನೆ. ಸರ ಬಿದ್ದ ಜಾಗದಲ್ಲಿ ಪಾಚಿ ಸರಿದು ಒಂದು ಕಪ್ಪು ಕಿಂಡಿಯಾಗುತ್ತದೆ. ನೋಡನೋಡುತ್ತ ಪಾಚಿ ಮತ್ತೆ ಕೂಡಿಕೊಳ್ಳುತ್ತದೆ.

“ಮುಚ್ಕೊಂಡ್ಬಿಡ್ತು” ಅಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, “ಆ ತಾಯಿಗೆ ಕೊನೇವರ್ಗೂ ಗೊತ್ತಾಗ್ಲಿಲ್ಲ, ಅಲ್ವಾ?”

ಸಿನಿಮಾ ಮುಗಿಯಿತು. ಹೊಸದೇನೂ ತಾನಾಗಿ ಶುರುವಾಗಲಿಲ್ಲ, ನಾನೇ ಅದನ್ನು ಮೊದಲೇ ಬಂದ್ ಮಾಡಿಟ್ಟಿದ್ದೆ. ಮೊರದಿಂದ ಒಂದು ಅವರೆಕಾಯಿ ತೆಗೆದುಕೊಂಡು ಸುಲಿಯುತ್ತ ಹೇಳಿದೆ.

“ಅಮ್ಮ, ಅಪ್ಪ ಅವತ್ತು ಸಾಯಂಕಾಲ ನಂಗೆ ಫೋನ್ ಮಾಡಿದ್ರು. ನಾನು ಎತ್ಲಿಲ್ಲ.”

“ಗೊತ್ತು. ನನ್ನೆದುರಿಗೇ ಮಾಡಿದ್ದು.”

“ಯಾಕೆ ಮಾಡಿದ್ರು?”

“ಸೊಗಡವರೆ ಬಂದಿತ್ತು ಸಂತೆಗೆ. ಬೆಳಗ್ಗೆ ಬಸ್ಸಲ್ಲಿ ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ಲಾ ಅಂತ ಕೇಳೋಕೆ. ನೀನು ಎತ್ಲಿಲ್ಲ ಅಂತ, ಹೋಗ್ಲಿ ಬಿಡು, ಕಳಿಸೇ ಬಿಡೋಣ ಅಂತ ಚೀಲಕ್ಕೆ ಹಾಕಿಟ್ಟಿದ್ರು.” ಅಮ್ಮ ನನ್ನ ಕೈಯಲ್ಲಿದ್ದ ಕಾಯಿ ನೋಡಿದಳು. “ಅದು ಹುಳ ಬಿದ್ದಿದೆ, ಆ ಕಡೆ ಹಾಕು. ಒಂಬತ್ತಾಯ್ತೇನೋ? ಆ ವೈರ್ ಕಿತ್ತು ರಿಮೋಟ್ ಕೊಡು.”